ಕತ್ರಿ ಹಿಡಿದಾಕಿ ಹೆಸರು ಲೋಟೆ

ಹೋದ ತಿಂಗಳು ನಮ್ಮ ಅಣ್ಣನ ಮಗಳು ಸಾಲಿಯಿಂದ ಬಂದಾಕೀನ ಚೀಲ ಒಗದು ನನ್ನ ಮುಂದ ಕೂತ್ಲು. ರಸಪ್ರಶ್ನೆ ಸ್ಪರ್ಧಾದಾಗ ಒಂದು ಮಾರ್ಕು ಹೋಗಿತ್ತಂತ. ಪ್ರಶ್ನೆ ಏನು ಅಂದ್ರ, ಜಗತ್ತಿನ ಮೊದಲನೇ ಪೂರ್ತಿ ಉದ್ದದ ಅನಿಮೇಷನ್ ಸಿನಿಮಾ ಯಾವುದು? "ಸ್ನೋ ವೈಟ್" ಅಂತ ಬರದವರಿಗೆ ಮಾರ್ಕು ಸಿಕ್ಕಿತ್ತು. ಈಕಿ ಜಾಗಾ ಖಾಲಿ ಬಿಟ್ಟು ಬಂದಿದ್ಲು. "ಅತ್ಯಾ, ನಿನಗ ಗೊತ್ತಿತ್ತೇನು?" ಅಂತ ನನ್ನ ಕೇಳಿದ್ಲು.

ಎರಡು ವರ್ಷದ ಹಿಂದ ಕೇಳಿದ್ದರ ನಾನೂ ಸ್ನೋ ವೈಟ್ ಅಂತನ ಹೇಳ್ತಿದ್ದೆ. ಈಗ ಹೇಳೂದಿಲ್ಲ. ಯಾಕ ಹೇಳೂದಿಲ್ಲ ಅನ್ನೋದನ್ನ ಆಕಿಗೆ ಹೇಳಿದೆ, ಇವತ್ತು ನಿಮಗೂ ಹೇಳ್ತೀನಿ. ಮಧ್ಯಾಹ್ನದ ಕೆಲಸ ಮುಗಿಸಿ ಆರಾಮ ಕೂತು ಓದ್ರಿ, ಕಥಿ ಸ್ವಲ್ಪ ಉದ್ದ ಅದ.

ಅದಕ್ಕಿಂತ ಮೊದಲ ನಮ್ಮ ಮನೀದೊಂದು ಮಾತು. ಅವ್ವ ಹೋದ ಮ್ಯಾಲೆ ನಾನೂ ನಮ್ಮ ಅಕ್ಕನೂ ಆಕಿ ಟ್ರಂಕ್ ತಗದ್ವಿ. ಒಳಗ ನಾಕು ಇಳಕಲ್ ಸೀರಿ, ಸೆರಗಿನ ತುಂಬ ಕಸೂತಿ. ಗೋಪುರ, ತುಳಸಿಕಟ್ಟಿ, ಆನಿ, ನವಿಲು, ತೇರು. ಗವಂತಿ ಹೊಲಿಗಿ ಮುಂದೂ ಹಿಂದೂ ಒಂದೇ ನಮೂನಿ ಕಾಣತದ ಅನ್ನೋದು ನಿಮಗೆಲ್ಲಾ ಗೊತ್ತೇ ಅದ. ಬಟ್ಟಿ ಮ್ಯಾಲೆ ಪೆನ್ಸಿಲ್ ಗೆರಿ ಇಲ್ಲ, ಎಳಿ ಎಣಸಿ ಎಣಸಿ ತಗದಿದ್ದು. ಆದ್ರ ಯಾವ ಸೀರಿ ಅವ್ವ ತಗದಿದ್ದು, ಯಾವುದು ನಮ್ಮಜ್ಜಿ ತಗದಿದ್ದು, ಯಾವುದು ಅಜ್ಜಿಯ ತಂಗಿ ತಗದಿದ್ದು, ನಮಗ ಇಬ್ಬರಿಗೂ ಗೊತ್ತಾಗಲಿಲ್ಲ. ಕೇಳಬೇಕಂದ್ರ ಯಾರೂ ಉಳದಿಲ್ಲ. ಅವ್ವ ಇದ್ದಾಗ ಯಾರರ ಹೊಗಳಿದ್ರ, "ಏನದ ಅದರಾಗ, ಖಾಲಿ ಕೂತಾಗ ಮಾಡಿದ್ದು" ಅಂದುಬಿಡ್ತಿದ್ಲು. ಹಂಗಾಗಿ ನಾವೂ ಕೇಳಿಟ್ಟಿರಲಿಲ್ಲ.

ಆ ವಾರದಾಗನ ನಾನು ಒಂದು ಹಳೇ ಸಿನಿಮಾ ನೋಡಿದೆ. ಅದನ್ನ ಮಾಡಿದಾಕಿ ಹೆಸರು ಲೋಟೆ ರೈನಿಗರ್. ಹೆಸರು ಕೇಳಿ ಲೋಟಾ ನೆನಪಾದ್ರ ನಗಬ್ಯಾಡ್ರಿ, ಜರ್ಮನಿ ಕಡೆ ಇದು ಛಲೋ ಹೆಸರು. ಸಿನಿಮಾದ ಹೆಸರು 'ರಾಜಕುಮಾರ ಅಹ್ಮದನ ಸಾಹಸಗಳು'. ಅದು ಮೊದಲ ಸಲ ಜನರ ಮುಂದ ಬಂದಿದ್ದು 1926ರಾಗ. ಸ್ನೋ ವೈಟ್ ಬಂದಿದ್ದು 1937ರ ಡಿಸೆಂಬರ್ ತಿಂಗಳದಾಗ. ಲೆಕ್ಕ ಹಾಕ್ರಿ, ಹನ್ನೊಂದು ವರ್ಷ ಮೊದಲ!

ಲೋಟೆ ಹುಟ್ಟಿದ್ದು 1899ರ ಜೂನ್ 2ಕ್ಕ, ಬರ್ಲಿನ್ನಿನಾಗ. ಸಣ್ಣಾಕಿ ಇದ್ದಾಗಿಂದ ಕೈಯಾಗ ಕತ್ರಿ. ಕರೀ ಕಾಗದಾ ಹಿಡಿದು ಮನಷಾರು, ಪ್ರಾಣಿ, ಗಿಡ ಏನು ಬೇಕಾದ್ದು ಕತ್ತರಸ್ತಿದ್ಲು. ಆಗಿನ ಯುರೋಪಿನಾಗ ಮನಷಾನ ಬದಿ ಮುಖದ ನೆರಳಿನಂಥಾ ಕರೀ ಚಿತ್ರಾ ಕತ್ತರಸಿ ಗ್ವಾಡಿಗೆ ತೂಗುಹಾಕೋ ಪದ್ಧತಿ ಇತ್ತು. ಹೆಣ್ಣುಮಕ್ಕಳಿಗೆ ಹೊಲಿಗಿ, ಹೆಣಿಕಿ ಕಲಿಸಿದಂಗ ಅದೂ ಒಂದು ಮನಿ ಕಲಿಕಿ. ಈಕಿ ಅಷ್ಟಕ್ಕ ಬಿಡಲಿಲ್ಲ. ಮನ್ಯಾಗ ಸಣ್ಣದೊಂದು ನೆರಳಿನ ರಂಗಮಂದಿರ ಕಟ್ಟಿ, ಗೊಂಬಿ ಕತ್ತರಸಿ, ಶೇಕ್ಸ್‌ಪಿಯರನ ನಾಟಕ ಮನೀ ಮಂದಿಗೆ ಆಡಿ ತೋರಸ್ತಿದ್ಲು.

ಮುಂದ ಸಿನಿಮಾದ ಹುಚ್ಚು ಹತ್ತಿತು. ಪಾಲ್ ವೆಗೆನರ್ ಅಂತ ಆಗಿನ ದೊಡ್ಡ ನಟ, ನಿರ್ದೇಶಕ. ಆತನ ಭಾಷಣ ಒಂದು ಕೇಳಿದ ಮ್ಯಾಲೆ, ಆತ ಇದ್ದ ನಾಟಕ ಕಂಪನಿಯ ಸಾಲಿಗೆನ ಸೇರಸ್ರಿ ಅಂತ ಅಪ್ಪ ಅವ್ವನ ಬೆನ್ನುಹತ್ತಿ ಸೇರಿಕೊಂಡ್ಲು. ಅಲ್ಲಿ ದೊಡ್ಡ ನಟರ ಕಣ್ಣಿಗೆ ಬೀಳೂದು ಹ್ಯಾಂಗ? ಪಡದೆ ಹಿಂದ ನಿಂತು ಅವರವೇ ಕರೀ ಚಿತ್ರಾ ಕತ್ತರಸಿ ಕತ್ತರಸಿ ಕೊಟ್ಲು. ವೆಗೆನರ್ ಅವನ್ನ ನೋಡಿದ. 1918ರಾಗ ಆತ ಹ್ಯಾಮ್ಲಿನ್ ಊರಿನ ಇಲಿ ಹಿಡಿಯಾವನ ಸಿನಿಮಾ ಮಾಡಿದ. ನಮ್ಮ ಕುವೆಂಪು ಅವರು ಬೊಮ್ಮನಹಳ್ಳಿಗೆ ಕರಕೊಂಡು ಬಂದ ಕಿಂದರಿಜೋಗಿ ಇದ್ದಾನಲ್ಲ, ಅದೇ ಕಥಿ. ಆ ಸಿನಿಮಾದ ನಡುನಡುವಿನ ಬರಹದ ಫಲಕಗಳಿಗೆ ಚಿತ್ರಾ ಕತ್ತರಸೋ ಕೆಲಸ ಲೋಟೆಗೆ ಸಿಕ್ತು. ಖರೇ ಇಲಿ ಹೇಳಿದಂಗ ಕೇಳ್ತಾವೇನ್ರಿ? ಕಟ್ಟಿಗಿ ಇಲಿ ಮಾಡಿಸಿ, ಒಂದೊಂದನ್ನೂ ಕೂದಲೆಳಿಯಷ್ಟು ಸರಿಸಿ, ಒಂದು ಫೋಟೋ ಹೊಡದು, ಮತ್ತ ಸರಿಸಿ, ಮತ್ತ ಫೋಟೋ ಹೊಡದರು. ಪಡದೆ ಮ್ಯಾಲೆ ಓಡಿಸಿದಾಗ ಇಲಿ ಸಾಲುಹಿಡಿದು ಓಡಿದವು. ಆ ಕೆಲಸಕ್ಕೂ ಈಕಿ ಕೈಗೂಡಿಸಿದ್ಲು. ಅಲ್ಲಿಂದ ಮುಂದ ಆಕಿ ದಾರಿ ಆಕಿಗೆ ಕಂಡಿತು. 1919ರಾಗ ತನ್ನ ಮೊದಲನೇ ನೆರಳಿನ ಚಿತ್ರಾ ಮಾಡಿದ್ಲು, ನಾಕೈದು ನಿಮಿಷದ್ದು. 1921ರಾಗ ಕಾರ್ಲ್ ಕೋಖ್ ಅನ್ನಾವನ ಜೋಡಿ ಲಗ್ನ ಆತು. ಮುಂದ ಆತನ ಆಕಿ ಕ್ಯಾಮರಾ ಹಿಡದಾವ.

ಇನ್ನ ದೊಡ್ಡ ಸಿನಿಮಾದ ಕಥಿಗೆ ಬರೋಣ. 1923ರಾಗ ಜರ್ಮನಿಯೊಳಗ ತುಟ್ಟಿ ಅಂದ್ರ ಎಂಥಾ ತುಟ್ಟಿ ಅಂತೀರಿ! ಯುದ್ಧ ಸೋತ ದೇಶ, ನೋಟಿಗೆ ಬೆಲಿ ಇಲ್ಲ. ಆ ವರ್ಷದ ನವೆಂಬರಿನಾಗ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್ ಆಗಿತ್ತು. ಮುಂಜಾನೆ ಇದ್ದ ರೇಟು ಸಂಜಿಗೆ ಇರ್ತಿದ್ದಿಲ್ಲ. ಅಂಥಾ ಹೊತ್ತಿನಾಗ ನಾವಾದ್ರ ಏನು ಮಾಡ್ತೀವಿ, ರೊಕ್ಕ ಕೈಯಾಗ ಇಟ್ಟುಕೊಳ್ಳದ ಬಂಗಾರ ತಗೋತೀವಿ, ಇಲ್ಲಾ ನಾಕು ತಾಮ್ರದ ಭಾಂಡೆ ತಗೋತೀವಿ. ಲೂಯಿಸ್ ಹಾಗೆನ್ ಅಂತ ಒಬ್ಬ ಬ್ಯಾಂಕಿನ ಸಾಹುಕಾರ ಕಚ್ಚಾ ಫಿಲ್ಮ್ ರೀಲು ತಗೊಂಡಿಟ್ಟ. ಆ ವ್ಯವಹಾರ ಆತ ಅಂದುಕೊಂಡಂಗ ಕೈಗೂಡಲಿಲ್ಲ. ಆವಾಗ ಲೋಟೆಯ ಸಣ್ಣ ಚಿತ್ರಾ ನೋಡಿದ್ದವ, "ಈ ಫಿಲ್ಮ್ ನಿನಗ ಕೊಡ್ತೀನಿ, ಒಂದು ದೊಡ್ಡ ಸಿನಿಮಾನ ಮಾಡತೀಯೇನು?" ಅಂತ ಕೇಳಿದ.

ಲೋಟೆಗೆ ಆಗ 24 ವರ್ಷ. ಕಾರ್ಟೂನ್ ಅಂದ್ರ ಐದು ಹತ್ತು ನಿಮಿಷ ಜನರನ್ನ ನಗಸೂದಕ್ಕ ಇರೂದು ಅಂತ ಎಲ್ಲಾರೂ ತಿಳಕೊಂಡಿದ್ದ ಕಾಲ ಅದು. ತಾಸುಗಟ್ಲೆ ಯಾರು ಕೂತು ನೋಡ್ತಾರ ಅಂತ ಸಿನಿಮಾ ಧಂದೆದವರು ತಲಿ ಅಲ್ಲಾಡಿಸಿದ್ರು. ಈಕಿ, ಆಗಲಿ ಮಾಡ್ತೀವಿ ಅಂದ್ಲು.

ಸ್ಟುಡಿಯೋ ಯಾವುದು ಅಂತೀರಿ? ಬರ್ಲಿನ್ನಿನ ಬಾಜೂಕಿನ ಪಾಟ್ಸ್‌ಡಾಮ್ ಊರಾಗ ಆ ಸಾಹುಕಾರನ ಮನಿ ಹತ್ರ ಕಾರ್ ನಿಲ್ಲಸೋ ಗ್ಯಾರೇಜು, ಅದರ ಮ್ಯಾಲಿನ ಅಟ್ಟ. ನಡುವ ಒಂದು ಗಾಜಿನ ಮೇಜು, ಅದರ ಕೆಳಗ ದೀಪ, ಮ್ಯಾಲೆ ಮುಖ ಕೆಳಗ ಮಾಡಿ ನಿಲ್ಲಿಸಿದ ಕ್ಯಾಮರಾ. ಗಾಜಿನ ಮ್ಯಾಲೆ ಕರೀ ಗೊಂಬಿ ಮಲಗಸೂದು. ಗೊಂಬಿ ಅಂದ್ರ ಕರೀ ರಟ್ಟು ಮತ್ತ ತೆಳ್ಳನ್ನ ಸೀಸದ ತಗಡಿನ ತುಂಡುಗಳು. ತಲಿ ಬ್ಯಾರೆ, ಭುಜಾ ಬ್ಯಾರೆ, ಮೊಣಕೈ ಬ್ಯಾರೆ, ಕೈ ಬ್ಯಾರೆ, ಎಲ್ಲಾ ಸಣ್ಣ ತಂತಿಲೆ ಕೂಡಿಸಿದ್ದು. ಸೀಸ ಯಾಕಂದ್ರ, ವಜ್ಜಿ ಇರತದ, ಇಟ್ಟಲ್ಲೆ ಇರತದ. ಗೊಂಬಿ ಕೈ ಸ್ವಲ್ಪ ಎತ್ತೂದು, ಒಂದು ಫೋಟೋ. ಮತ್ತ ಸ್ವಲ್ಪ, ಮತ್ತೊಂದು ಫೋಟೋ. ಸೆಕೆಂಡಿಗೆ 24 ಚಿತ್ರಾ ಅಂತ ಹಿಡೀರಿ, ಸಿನಿಮಾ ಸುಮಾರು 65 ನಿಮಿಷದ್ದು. ಗುಣಾಕಾರ ಮಾಡಿದ್ರ 90 ಸಾವಿರ ದಾಟತದ. ತಪ್ಪಿ ಒಗದಿದ್ದು, ಮತ್ತ ಮಾಡಿದ್ದು ಇದರಾಗ ಹಿಡದಿಲ್ಲ. 1923ರಿಂದ 1926ರ ತನಕ, ಮೂರು ವರ್ಷ ಇದೇ ಕೆಲಸ.

ಆಕಿ ಕತ್ತರಸೋ ರೀತಿ ಬಗ್ಗೆ ಒಂದು ಮಾತು ಹೇಳಲೇಬೇಕು. ಮುಂದ ಆಕಿಗೆ ವಯಸ್ಸಾದಾಗ ಯಾರೋ ಅದನ್ನ ಸಿನಿಮಾ ಹಿಡದಾರ. ಬಲಗೈಯಾಗಿನ ಕತ್ರಿ ಹೆಚ್ಚು ಕಮ್ಮಿ ಇದ್ದಲ್ಲೆ ಇರತದ, ಎಡಗೈಯಾಗಿನ ಕಾಗದಾನ ಸರಸರ ತಿರಗತದ. ಮೊದಲ ಗೆರಿ ಹಾಕಿಕೊಳ್ಳೂದಿಲ್ಲ. ನೋಡನೋಡೂದರಾಗ ಕುದುರಿ ಹೊರಗ ಬರತದ. ಅದನ್ನ ನೋಡಿದಾಗ ನನಗ ಕಣ್ಣಾಗ ನೀರು ಬಂತು. ಎಳಿ ಎಣಸೋ ಅವ್ವನ ಬೆರಳು ನೆನಪಾದವು.

ಎಲ್ಲಾ ಒಬ್ಬಾಕೀನ ಮಾಡಿದ್ಲು ಅಂತ ಹೇಳಿದ್ರ ಸುಳ್ಳಾಗತದ. ಗಂಡ ಕೋಖ್ ಕ್ಯಾಮರಾ ನೋಡಿಕೊಂಡ. ವಾಲ್ಟರ್ ರುಟ್‌ಮನ್ ಮಾಯಾ ಮಂತ್ರದ ಬೆಂಕಿ ಹೊಗಿ ತಯಾರ ಮಾಡಿದ. ಬೆರ್ಟೋಲ್ಡ್ ಬಾರ್ಟೋಶ್ ಸಮುದ್ರದ ತೆರಿ ಎಬ್ಬಿಸಿದ. ವೋಲ್ಫ್‌ಗಾಂಗ್ ಝೆಲ್ಲರ್ ಸಂಗೀತ ಬರದ. ಹಿಂದಿನ ಗುಡ್ಡ, ಅರಮನಿ, ಆಕಾಶ ಎಲ್ಲಾ ತೆಳ್ಳನ್ನ ಪಾರದರ್ಶಕ ಕಾಗದದ ಪದರು. ಒಂದು ಪದರಿದ್ದಲ್ಲಿ ಬೆಳಕು ಜಾಸ್ತಿ, ನಾಕು ಪದರಿದ್ದಲ್ಲಿ ಮಬ್ಬು. ಗಾಜಿನ ಫಲಕಗಳನ್ನ ಒಂದರ ಮ್ಯಾಲೊಂದು ಸ್ವಲ್ಪ ಅಂತರ ಬಿಟ್ಟು ಇಟ್ಟು, ಹತ್ರದ್ದು ಹತ್ರ, ದೂರದ್ದು ದೂರ ಕಾಣೂ ಹಂಗ ಮಾಡಿದ್ರು. ಇದೇ ನಮೂನಿ ಪದರಿನ ವಿಚಾರಕ್ಕ ಹತ್ತು ವರ್ಷದ ಮ್ಯಾಲೆ ಡಿಸ್ನಿ ಕಂಪನಿ ದೊಡ್ಡ ಯಂತ್ರ ಕಟ್ಟಿಸ್ತು, ಅದಕ್ಕ ಭಾಳ ಹೆಸರು ಬಂತು. ಇವರು ಅವರದ್ದು ಕದ್ದರು ಅಂತ ನಾನು ಹೇಳಲಿಕ್ಕೆ ಹತ್ತಿಲ್ಲ. ಅಟ್ಟದ ಮ್ಯಾಲೆ ಮೊದಲ ಆಗಿತ್ತು ಅಂತಷ್ಟ ಹೇಳತೀನಿ.

ನೆರಳಿನ ಆಟ ನಮಗೇನು ಹೊಸಾದಲ್ಲ. ನಮ್ಮ ಕಡೆ ತೊಗಲುಗೊಂಬಿ ಆಟ ನೋಡಿದವರು ನಿಮ್ಮೊಳಗ ಇನ್ನೂ ಇದ್ದೀರಿ. ಆದ್ರ ಒಂದು ಫರಕ್ ಅದ. ನಮ್ಮ ತೊಗಲನ್ನ ಹದಾ ಮಾಡಿ, ಬೆಳಕು ಹಾಯೂ ಹಂಗ ತೆಳ್ಳಗ ಮಾಡಿ, ಕೆಂಪು ಹಸಿರು ಬಣ್ಣ ಬಳೀತಾರ. ಅದಕ್ಕ ಪಡದೆ ಮ್ಯಾಲೆ ಬಣ್ಣದ ನೆರಳ ಬೀಳತದ. ಲೋಟೆ ಗೊಂಬಿ ಪೂರಾ ಕಪ್ಪು. ಮುಖದಾಗ ಕಣ್ಣಿಲ್ಲ, ನಗಿ ಇಲ್ಲ. ಸಿಟ್ಟು ಬಂದದೋ, ನಾಚಿಕಿ ಬಂದದೋ ಎಲ್ಲಾ ಕುತ್ತಿಗಿ ಬಾಗಿಸೂದರಾಗ, ಬೆರಳು ಅಲ್ಲಾಡೂದರಾಗನ ತಿಳೀಬೇಕು. ತಿಳೀತದ ಅನ್ನೋದ ಆಶ್ಚರ್ಯ. ಬಣ್ಣ ಬೇಕಾದಲ್ಲಿ ಫಿಲ್ಮಿಗೇ ಬಣ್ಣ ಕಟ್ಟಿಸಿದ್ರು, ದೃಶ್ಯಕ್ಕೊಂದು.

ಕಥಿ ಅರೇಬಿಯನ್ ನೈಟ್ಸಿಂದು. ಒಬ್ಬ ಮಂತ್ರವಾದಿ ಹಾರೋ ಕುದುರಿ ತರ್ತಾನ, ಖಲೀಫನ ಮಗಳನ್ನ ಬೇಡತಾನ. ಅಡ್ಡ ಬಂದ ಅಣ್ಣ ಅಹ್ಮದನ್ನ ಕುದುರಿ ಮ್ಯಾಲೆ ಕೂಡಿಸಿ ಆಕಾಶಕ್ಕ ಕಳಸತಾನ. ಕೆಳಗ ಇಳಸೋ ಕೀಲಿ ಎಲ್ಲೆದ ಅಂತ ಆ ಹುಡುಗಗ ಗೊತ್ತಿಲ್ಲ! ಮುಂದ ಪರಿ ಬಾನು ಅನ್ನೋ ಗರಿ ಸೀರಿ ಹೆಣ್ಣುಮಗಳು, ಚೀನಾದ ಅರಮನಿ, ಅಲ್ಲಾದ್ದೀನನ ದೀಪ ಎಲ್ಲಾ ಬರತಾವ. ಆದ್ರ ನನಗ ಸೇರಿದ್ದು ಬ್ಯಾರೇನ. ಈ ಕಥಿಯೊಳಗ ಕಡೀಕ ಎಲ್ಲಾರನ್ನೂ ಉಳಸಾಕಿ ಬೆಂಕಿ ಗುಡ್ಡದ ಒಬ್ಬ ಮುದಕಿ ಮಾಟಗಾತಿ. ನೋಡಲಿಕ್ಕೆ ಹೆದರಿಕಿ ಬರೂ ಹಂಗ ಇದ್ದಾಳ, ಆದ್ರ ಮಂತ್ರವಾದಿ ಜೋಡಿ ಬಡದಾಡಿ ಗೆದ್ದಾಕಿ ಆಕೀನ. ಆತ ಸಿಂಹ ಆದ್ರ ಈಕಿ ಹಾವು, ಒಬ್ಬರು ಚೇಳಾದ್ರ ಇನ್ನೊಬ್ಬರು ಹುಂಜ. ಒಂದರಾಗಿಂದ ಒಂದು ಕರಗಿ ಮೂಡೂದನ್ನ ನೋಡಬೇಕು. ನೂರು ವರ್ಷದ ಹಿಂದ ಕಂಪ್ಯೂಟರ್ ಇಲ್ಲದ ಇದನ್ನ ಮಾಡ್ಯಾರ ಅಂದ್ರ ನಂಬೂದು ಕಷ್ಟ.

1926ರ ಮೇ 2, ಐತವಾರ, ಬರ್ಲಿನ್ನಿನ ಫೋಕ್ಸ್‌ಬ್ಯೂನೆ ಅನ್ನೋ ನಾಟಕ ಮಂದಿರದಾಗ ಮೊದಲನೇ ಸಲ ತೋರಸಿದ್ರು. ಮುಂದ ಪ್ಯಾರಿಸ್ಸಿನಾಗ ತೋರಸಿದ್ರು. ಅಲ್ಲಿ ಝಾಂ ರೆನ್ವಾರ್ ಅನ್ನೋ ನಿರ್ದೇಶಕ ಭಾಳ ಮೆಚ್ಚಿದ, ಜನ್ಮಪೂರ್ತಿ ಗೆಳ್ಯಾ ಆಗಿ ಉಳದ. ನಮ್ಮ ಸತ್ಯಜಿತ್ ರೇ ಅವರಿಗೆ ಧೈರ್ಯ ಕೊಟ್ಟವರು ಅಂತ ಹೇಳ್ತಾರಲ್ಲ, ಅದೇ ರೆನ್ವಾರ್.

ಹಂಗಾದ್ರ ಇಷ್ಟೆಲ್ಲಾ ಆಗಿ ಈ ಹೆಸರು ಮಕ್ಕಳ ರಸಪ್ರಶ್ನೆಗೆ ಯಾಕ ಬರಲಿಲ್ಲ? ನಾನು ಓದಿ, ವಿಚಾರ ಮಾಡಿ ತಿಳಕೊಂಡಿದ್ದು ಹೇಳ್ತೀನಿ.

ಒಂದನೇದು, ಕಾಲ. ಮರು ವರ್ಷ 1927ರಾಗ ಅಮೆರಿಕದಾಗ ಮಾತಾಡೋ ಸಿನಿಮಾ ಬಂತು, ನಾಕೈದು ವರ್ಷದಾಗ ಮೂಕಿ ಚಿತ್ರಗಳೆಲ್ಲಾ ಹಳೇ ಸಾಮಾನಿನಂಗ ಮೂಲಿಗೆ ಬಿದ್ದವು.

ಎರಡನೇದು, ಮನಿ ಇಲ್ಲದ ಬಾಳೇವು. 1933ರಾಗ ಹಿಟ್ಲರ್ ಬಂದ. ಲೋಟೆಯ ಗೆಳೆಯರೊಳಗ ಯಹೂದಿಗಳು ಭಾಳ ಮಂದಿ, ಆ ಸರ್ಕಾರ ಆಕಿಗೂ ಆಕಿ ಗಂಡಗೂ ಸೇರಿ ಬರಲಿಲ್ಲ. ಊರು ಬಿಟ್ರು. ಆದ್ರ ಯಾವ ದೇಶದಾಗೂ ಕಾಯಂ ಇರಲಿಕ್ಕೆ ಪರವಾನಗಿ ಸಿಗಲಿಲ್ಲ. ಲಂಡನ್, ಪ್ಯಾರಿಸ್, ರೋಮ್ ಅಂತ ಅಲದಾಟ. ಅಂಥಾದ್ರಾಗೂ ಕತ್ರಿ ಬಿಡಲಿಲ್ಲ, ಸಣ್ಣ ಸಣ್ಣ ಚಿತ್ರಾ ಮಾಡಿದ್ಲು. ಯುದ್ಧದ ನಡುವ ತಾಯಿಗೆ ಜಡ್ಡಾತು. ಎಲ್ಲಿಂದ ಓಡಿ ಬಂದಿದ್ರೋ ಅದೇ ಬರ್ಲಿನ್ನಿಗೆ ತಾಯಿ ಸೇವಾ ಮಾಡಲಿಕ್ಕೆ ಹೊಳ್ಳಿ ಹೋದ್ರು. ಇದು ನಮಗ್ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿದ್ದಾಗ ಆ ಸರ್ಕಾರದ ಕೈಕೆಳಗ ಮಕ್ಕಳ ಕಥಿ ಚಿತ್ರಾನೂ ಮಾಡಬೇಕಾತು. ಅದನ್ನ ಮುಚ್ಚಿಡೂದು ಸರಿ ಅಲ್ಲ ಅಂತ ಬರದೆ.

ಮೂರನೇದು, ಪ್ರತಿ ಹೋಗಿದ್ದು. ಯುದ್ಧದ ಕಡೀಕ ಬರ್ಲಿನ್ನಿನಾಗ ನಡೆದ ಕಾಳಗದಾಗ ಈ ಸಿನಿಮಾದ ಮೂಲ ನೆಗೆಟಿವ್ ನಾಶ ಆತು. ಬಣ್ಣ ಕಟ್ಟಿಸಿದ ಒಂದು ಹಳೇ ಪ್ರತಿ ಲಂಡನ್ನಿನ ಚಿತ್ರ ಭಂಡಾರದಾಗ ಉಳದಿತ್ತು. ಅದನ್ನ ಇಟ್ಟುಕೊಂಡು ಜರ್ಮನಿಯವರು 1999ರ ಹೊತ್ತಿಗೆ ಮತ್ತ ಮೊದಲಿನಂಗ ಮಾಡಿದ್ರು. ಆಕಿ ಅಷ್ಟೊತ್ತಿಗೆ ತೀರಿಕೊಂಡು ಹದಿನೆಂಟು ವರ್ಷ ಆಗಿತ್ತು.

ನಾಲ್ಕನೇದು ನನ್ನ ಮನಸಿನಾಗ ಕೂತಿದ್ದು. ಕತ್ರಿ, ಕಾಗದಾ, ಗೊಂಬಿ, ಮಕ್ಕಳ ಕಥಿ. ಇವೆಲ್ಲಾ ಹೆಣ್ಣುಮಕ್ಕಳ ಮನಿ ಕೆಲಸ ಅಂತ ನೋಡಿದ್ರ, ನೋಡಿದವರ ಕಣ್ಣಿಗೆ ಅದು ಸಿನಿಮಾ ಅಂತ ಕಾಣೂದಿಲ್ಲ, 'ಕೈಕೆಲಸ' ಅಂತ ಕಾಣತದ. ಸ್ನೋ ವೈಟಿಗೆ 1939ರಾಗ ಒಂದು ದೊಡ್ಡ ಆಸ್ಕರ್ ಗೊಂಬಿ, ಏಳು ಸಣ್ಣ ಗೊಂಬಿ ಕೊಟ್ಟು ಗೌರವ ಮಾಡಿದ್ರು. ಆ ಹೊತ್ತಿನಾಗ ಲೋಟೆಗೆ ಕಾಯಂ ಇರೋ ಮನೀನ ಇದ್ದಿದ್ದಿಲ್ಲ. ಆದ್ರ ಸ್ನೋ ವೈಟಿನ ಮ್ಯಾಲೂ ನನಗ ಸಿಟ್ಟಿಲ್ಲ. ಯಾಕಂದ್ರ ಅದರ ಸಾವಿರಾರು ಹಾಳಿ ಮ್ಯಾಲೆ ಮಸಿ ಎಳದು ಬಣ್ಣ ತುಂಬಿದವರು ಬಹುತೇಕ ಹೆಣ್ಣುಮಕ್ಕಳು. ಕಂಪನಿಯೊಳಗ ಅವರದು ಬ್ಯಾರೆ ವಿಭಾಗ, ಕಡಿಮಿ ಪಗಾರ, ಪಡದೆ ಮ್ಯಾಲೆ ಹೆಸರಿಲ್ಲ. ಅಂದ್ರ ಒಂದು ಸಿನಿಮಾದಾಗ ಹೆಣ್ಣುಮಕ್ಕಳ ಹೆಸರು ಹಾಕಲಿಲ್ಲ, ಇನ್ನೊಂದರಾಗ ಹೆಸರಿದ್ರೂ ಜನ ನೆನಪಿಡಲಿಲ್ಲ.

ಇನ್ನೊಂದು ನ್ಯಾಯದ ಮಾತು. ಲೋಟೆದೂ ಮೊಟ್ಟಮೊದಲನೇದಲ್ಲ. ಅರ್ಜೆಂಟೀನಾದಾಗ ಕಿರಿನೋ ಕ್ರಿಸ್ತಿಯಾನಿ ಅನ್ನಾವ 1917ರಾಗನ ಒಂದು ದೊಡ್ಡ ಅನಿಮೇಷನ್ ಸಿನಿಮಾ ಮಾಡಿದ್ದ, ಅವನೂ ರಟ್ಟು ಕತ್ತರಸೇ ಮಾಡಿದ್ದ. ಆ ಸಿನಿಮಾದ ಪ್ರತಿ ಬೆಂಕಿಗೆ ಹೋತು, ಇವತ್ತು ಎಲ್ಲೂ ಉಳದಿಲ್ಲ. ಹಂಗಾಗಿ ಇವತ್ತು ನಾವು ಕೂತು ನೋಡಬಹುದಾದ ಪೂರ್ತಿ ಉದ್ದದ ಅನಿಮೇಷನ್ ಸಿನಿಮಾದೊಳಗ ಎಲ್ಲಾಕ್ಕಿಂತ ಹಳೇದು ಅಹ್ಮದನದು. ನಮ್ಮ ಹುಡಿಗಿಗೆ ಇದನ್ನ ಹಿಂಗ ಬರೀಬೇಕು ಅಂತ ಹೇಳಿಕೊಟ್ಟೀನಿ.

ಲೋಟೆಯ ಮುಂದಿನ ದಿನಾ ಪೂರಾ ಕತ್ತಲಿ ಆಗಲಿಲ್ಲ ಅನ್ನೋದು ಸಮಾಧಾನ. 1949ರಾಗ ಗಂಡ ಹೆಂಡತಿ ಲಂಡನ್ನಿಗೆ ಹೋಗಿ ನೆಲಿ ನಿಂತ್ರು. ಅವತ್ತು ಫಿಲ್ಮ್ ಕೊಟ್ಟ ಸಾಹುಕಾರ ಇದ್ದನಲ್ಲ, ಆತನ ಮಗ ದೊಡ್ಡವನಾಗಿ ಈಕಿಗೆ ಜೋಡಾದ. 1950ರ ದಶಕದಾಗ ಸಿಂಡರೆಲ್ಲಾದಂಥಾ ಕಥಿ ಟೀವಿ ಸಲುವಾಗಿ ನೆರಳಿನ ಚಿತ್ರಾ ಮಾಡಿದ್ಲು. ಒಂದಕ್ಕ 1955ರಾಗ ವೆನಿಸ್ ಊರಾಗ ಬಹುಮಾನ ಬಂತು. 1963ರಾಗ ಗಂಡ ತೀರಿಕೊಂಡ ಮ್ಯಾಲೆ ಸುಮಾರು ವರ್ಷ ಸುಮ್ಮನಾದ್ಲು. ಆಮ್ಯಾಲೆ ಎಪ್ಪತ್ತು ದಾಟಿದ ಮ್ಯಾಲೆ ಮತ್ತ ಕತ್ರಿ ಹಿಡದು ಕೆನಡಾಕ್ಕ ಹೋಗಿ ಚಿತ್ರಾ ಮಾಡಿದ್ಲು. ಜರ್ಮನಿ 1972ರಾಗ ದೊಡ್ಡ ಚಲನಚಿತ್ರ ಪ್ರಶಸ್ತಿ ಕೊಟ್ಟಿತು. 1981ರ ಜೂನ್ 19ಕ್ಕ ತೀರಿಕೊಂಡಾಗ ಆಕಿಗೆ 82 ವರ್ಷ.

ಹೋದ ಐತವಾರ ನಾವು ಮೂರು ಮಂದಿ, ನಾನು, ಅಕ್ಕ, ಅಣ್ಣನ ಮಗಳು, ಮನ್ಯಾಗ ದೀಪ ಆರಿಸಿ ಈ ಸಿನಿಮಾ ನೋಡಿದ್ವಿ. ಮಾತಿಲ್ಲ, ನಡುನಡುವ ಬರಹ ಬರತಾವ, ಅವನ್ನ ನಾನು ಓದಿ ಕನ್ನಡದಾಗ ಹೇಳ್ತಾ ಹೋದೆ. ನೀವು ಮಕ್ಕಳಿಗೆ ತೋರಸೋವಾಗ ಒಂದೆರಡು ಮಾತು ಬಿಡಿಸಿ ಹೇಳ್ರಿ. ಆಫ್ರಿಕಾ, ಚೀನಾದವರನ್ನ ಆ ಕಾಲದ ಯುರೋಪಿನವರು ತಮಗ ತಿಳಿದಂಗ ವಿಚಿತ್ರ ಮಾಡಿ ತೋರಸ್ಯಾರ. ಅಹ್ಮದ ಸೀರಿ ಕದ್ದು ಹೆಣ್ಣು ತರೂದೂ ಶಾಣ್ಯಾತನ ಅಲ್ಲ. ನಮ್ಮ ಹುಡಿಗಿ ಅದನ್ನ ತಾನೇ ಹೇಳಿದ್ಲು: "ಅತ್ಯಾ, ಮೊದಲ ಆಕಿನ್ನ ಕೇಳಬೇಕಿತ್ತಲ್ಲ?"

ಸಿನಿಮಾ ಮುಗದ ಮ್ಯಾಲೆ ಆಕಿ ಒಂದು ಕರೀ ಡ್ರಾಯಿಂಗ್ ಹಾಳಿ ತಗೊಂಡು ಕುದುರಿ ಕತ್ತರಸಿದ್ಲು. ಮೂರು ಕಾಲು ಬಂದವು, ನಾಲ್ಕನೇದು ಹರೀತು. ಇರಲಿ. ಹಿಂದ ಆಕಿ ಕೈಲೆನ ಹೆಸರು, ತಾರೀಖು ಬರಸಿದೆ.

ಅಕ್ಕ ಟ್ರಂಕ್ ತಗದು ಒಂದು ಸೀರಿ ಹೊರಗ ಇಟ್ಲು. ನಾಕರಾಗ ಅದೊಂದೇ ಅವ್ವಂದು ಅಂತ ನಮಗ ಖಾತ್ರಿ ಇರೂದು. ಯಾಕಂದ್ರ ತೇರಿನ ಕಳಸದ ಹತ್ರ ಒಂದು ಹೊಲಿಗಿ ತಪ್ಪ್ಯದ, ನಾನು ಸಣ್ಣಾಕಿ ಇದ್ದಾಗ ಸೂಜಿ ಜಗ್ಗಿದ್ದಕ್ಕ ಆಗಿದ್ದು. ಬೈಸಿಕೊಂಡಿದ್ದು ಇನ್ನೂ ನೆನಪದ. ಒಂದು ಬಿಳೀ ಪಟ್ಟಿ ಮ್ಯಾಲೆ ಅವ್ವನ ಹೆಸರು ಬರದು ಸೆರಗಿನ ಒಳಗ ಹೊಲದ್ವಿ. ಉಳದ ಮೂರರ ಮ್ಯಾಲೆ ಏನು ಬರೀಬೇಕು ಅಂತ ತಿಳೀಲಿಲ್ಲ, ಹಂಗ ಮಡಚಿ ಇಟ್ವಿ.

ಕಾಕು, ವೈನಿ, ಬಾಜೂ ಮನಿ ಅಕ್ಕಾರ, ನಿಮಗೆಲ್ಲಾ ಒಂದ ಕೇಳತೀನಿ. ಮಕ್ಕಳಿಗೆ ಸೂಟಿ ಬಿಟ್ಟಾಗ ಈ 65 ನಿಮಿಷದ ಸಿನಿಮಾ ಒಮ್ಮೆ ತೋರಸ್ರಿ, ಮಾಡಿದಾಕಿ ಹೆಸರು ಹೇಳ್ರಿ. ಮತ್ತ ನಿಮ್ಮ ಮನ್ಯಾಗಿನ ಕೌದಿ, ಕಸೂತಿ, ಮಣಿ ತೋರಣ ಏನದ ಅದನ್ನ ಹೊರಗ ತಗದು, ಯಾರು ಮಾಡಿದ್ದು ಅಂತ ಹೇಳವರು ಇರೂ ತನಕಾನ ಕೇಳಿ ಬರದಿಡ್ರಿ. "ಏನದ ಅದರಾಗ" ಅಂದ್ರ ಕೇಳಬ್ಯಾಡ್ರಿ, ಬರೀರಿ.